ನಮ್ಮ ದಡ್ಡಿಗೆ ಬಂದ ಕುರಿ ಸಾಲಿ

ಜೀಪಿನ ಸದ್ದು ಕೇಳಿದರೆ ಸಾಕು, ಮಾಸ್ತರರು ಗಂಟೆ ಹೊಡೆಯುವ ಮೊದಲೇ ನಮ್ಮ ಸಾಲಿ ಬಿಟ್ಟುಹೋಗುತ್ತಿದ್ದ ಕಾಲ ಅದು. ಮಹಾರಾಷ್ಟ್ರದ ಗಡಿಯೊಳಗಿದ್ದ ನಮ್ಮ ಕನ್ನಡದ ಊರು ತಿಕೋಂಡಿಗೆ ಜೀಪು ಬರುತ್ತಿದ್ದುದೇ ವರ್ಷಕ್ಕೆ ಎರಡೋ ಮೂರೋ ಸಲ. ಸಿಡುಬಿನ ಚುಚ್ಚುಮದ್ದಿನವರು ಬಂದರೆ ಜಾಲಿಗಿಡಗಳ ಮರೆಗೆ ಓಡುತ್ತಿದ್ದೆವು. ಬೇರೆ ಯಾರೇ ಬಂದರೂ ಜೀಪಿನ ಹಿಂದೆ ಓಡುತ್ತಿದ್ದೆವು.

ಅರವತ್ತರ ದಶಕ ಮುಗಿಯುತ್ತಿತ್ತು. ದೀಪಾವಳಿ ದಾಟಿ, ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಬಂದಿತ್ತು. ಮುಂಜಾನೆ ಮಾತಾಡಿದರೆ ಬಾಯಿಂದ ಹೊಗೆ ಬರುವಷ್ಟು ಚಳಿ. ನಮ್ಮ ಕುರಿಗಳು ಈಯುವ ಕಾಲವೂ ಅದೇ. ಮನೆಯ ಹಿಂದೆ ಮುಳ್ಳುಬೇಲಿ ಹಾಕಿದ ಕುರಿದಡ್ಡಿ. ಹಿಕ್ಕೆ, ಹಸಿ ಉಣ್ಣೆ, ಹಾಲು ಎಲ್ಲ ಕೂಡಿದ ಅದರ ವಾಸನೆ ನಮ್ಮ ಕೌದಿಗಳಿಗೂ ಹತ್ತಿರುತ್ತಿತ್ತು. ನಮಗೆ, ಮಕ್ಕಳಿಗೆ, ಆ ಕಾಲವೆಂದರೆ ಗಿಣ್ಣದ ಕಾಲ. ಈದ ಕುರಿಯ ಮೊದಲ ಹಾಲು ಹಳದಿಯಾಗಿ, ಗಟ್ಟಿಯಾಗಿ ಇರುತ್ತದೆ. ಅದಕ್ಕೆ ಬೆಲ್ಲ, ಯಾಲಕ್ಕಿ ಹಾಕಿ ಆಯಿ ಕಾಯಿಸುತ್ತಿದ್ದಳು. ಒಲೆಯ ಸುತ್ತ ನಾವು ಐದಾರು ಮಂದಿ ತಾಟು ಹಿಡಿದು ಕೂತಿರುತ್ತಿದ್ದೆವು.

ಆಯಿ ಅಂದರೆ ನಮ್ಮಪ್ಪನ ತಾಯಿ, ಬಾಳವ್ವ. ಊರಲ್ಲಿ ಯಾರ ಕುರಿ ಈಯಲು ಕಷ್ಟಪಟ್ಟರೂ ಅವಳಿಗೇ ಕರೆ ಬರುತ್ತಿತ್ತು. ಆದರೆ ಹಿಂದಿನ ವರ್ಷ ನಮ್ಮ ದಡ್ಡಿಯಲ್ಲೇ ಹುಟ್ಟಿದ ಮರಿಗಳಲ್ಲಿ ಅರ್ಧದಷ್ಟು ಹೋಗಿಬಿಟ್ಟಿದ್ದವು. ಹೊಕ್ಕುಳ ಬಾತು, ಕಾಲು ಊದಿ, ವಾರದೊಳಗೆ ಸಾಯುತ್ತಿದ್ದವು. ಒಂದೊಂದನ್ನೂ ಆಯಿಯೇ ಬೇಲಿಯಾಚೆ ಒಯ್ದು ಮಣ್ಣು ಮಾಡಿ ಬಂದಳು. ಆ ವರ್ಷ ಅವಳು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ.

ಹಾಗಿರುವಾಗ ಜೀಪು ಬಂತು. ಇಳಿದವರು ದಪ್ಪ ಕನ್ನಡಕದ, ತೆಳ್ಳಗಿನ, ಎತ್ತರದ ದನದ ಡಾಕ್ಟರು. ಕುರಿ ಸಾಕುವವರಿಗೆ ಐದು ದಿನ ಶಿಬಿರ ಅಂತ ಡಂಗುರ ಹೊಡೆಸಿದರು. ಮೊದಲ ದಿನ ಬೇವಿನ ಮರದ ಕೆಳಗೆ ಗಂಡಸರೆಲ್ಲ ಪಟಕಾ ಸುತ್ತಿಕೊಂಡು, ಕಂಬಳಿ ಹೊದ್ದು ಕೂತರು. ಡಾಕ್ಟರದು ಪುಣೆ ಕಡೆಯ ಪುಸ್ತಕದ ಮರಾಠಿ. ನಮ್ಮವರಿಗೆ ಗೊತ್ತಿದ್ದುದು ಸಂತೆಯ ಮರಾಠಿ. ಅವರು ಏನು ಹೇಳಿದರೂ ಇವರು ತಲೆ ಅಲ್ಲಾಡಿಸಿದರು. ಮಿರಜಿನ ಹತ್ತಿರ ಸೋದರಮಾವನ ಮನೆಯಲ್ಲಿ ಎರಡು ವರ್ಷ ಸಾಲಿ ಕಲಿತು ಬಂದಿದ್ದ ನನಗೆ ಮಾತ್ರ ಅದು ಅರ್ಥವಾಗುತ್ತಿತ್ತು. ಹತ್ತು ವರ್ಷದವಳು, ಗುಂಪಿನ ಹಿಂದೆ ನಿಂತು ಕಿಸಿಕಿಸಿ ನಗುತ್ತಿದ್ದೆ. ಡಾಕ್ಟರು ನೋಡಿಬಿಟ್ಟರು.

"ನಿನಗೆ ತಿಳಿಯಿತಾ?" ಅಂತ ಮರಾಠಿಯಲ್ಲಿ ಕೇಳಿದರು. ನಾನು ಹೂಂ ಅಂದೆ. "ಹಾಗಾದರೆ ಮುಂದೆ ಬಾ. ಕುರಿ ಈಯುವಾಗ ಪಕ್ಕದಲ್ಲಿ ಇರುವವರು ಯಾರು, ಇವರನ್ನು ಕೇಳು."

ಕೇಳಿದೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ನಮ್ಮಪ್ಪನೇ ಹೇಳಿದ: "ಹೆಣ್ಮಕ್ಕಳರೀ. ನಾವು ಹಗಲೆಲ್ಲ ಅಡವ್ಯಾಗ ಕುರಿ ಹಿಂದ ಇರತೀವಿ. ಈಯೂ ಕುರಿ ಮನಿ ಮುಂದ ಇರತಾವ."

ಡಾಕ್ಟರು ಪುಸ್ತಕ ಮುಚ್ಚಿದರು. "ನಾಳೆಯಿಂದ ಅವರನ್ನು ಕರೆತನ್ನಿ," ಅಂದರು.

ಮರುದಿನ ಬೇವಿನ ಮರ ಖಾಲಿ. ಶಿಬಿರ ನಮ್ಮ ದಡ್ಡಿಗೇ ಬಂತು. ಹೆಂಗಸರು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಗಂಟು ಕಟ್ಟಿಕೊಂಡು ಜಾತ್ರೆಗೆ ಹೊರಟವರಂತೆ ಬಂದರು. ನಾನು ಸಾಲಿ ಬಿಟ್ಟು ಡಾಕ್ಟರ ಬಾಯಾದೆ. ಮಾಸ್ತರರೂ ಬೇಡ ಅನ್ನಲಿಲ್ಲ, ತಾವೇ ಬಂದು ಬೇಲಿಯ ಹೊರಗೆ ನಿಂತಿದ್ದರು.

ನನ್ನ ಮೊದಲ ದಿನದ ದುಭಾಷಿತನ ಒಂದೇ ಮಾತಿಗೆ ಮುಗ್ಗರಿಸಿತು. ಹುಟ್ಟಿದ ಮರಿಗೆ ಮೊದಲು "ಚೀಕ" ಕುಡಿಸಬೇಕು ಅಂದರು ಡಾಕ್ಟರು. ಆ ಶಬ್ದ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆ. "ಮೊದಲ ಚಿಕ್ಕ ಮರೀಗೆ ಕುಡಸ್ರಿ ಅಂತ," ಅಂದೆ.

"ಮತ್ತ ದೊಡ್ಡ ಮರಿ ಏನ ಪಾಪ ಮಾಡೇದ?" ಅಂತ ಹಿಂದಿನಿಂದ ಯಾರೋ ಕೇಳಿದರು.

ಅದನ್ನು ಡಾಕ್ಟರಿಗೆ ಹೇಳಿದೆ. ಅವರು ಗಾಬರಿಯಾಗಿ, ಮುಂಜಾನೆಯಷ್ಟೇ ಈದಿದ್ದ ಒಂದು ಕುರಿಯ ಕೆಚ್ಚಲಿನಿಂದ ನನ್ನ ಅಂಗೈಗೇ ಹಾಲು ಹಿಂಡಿದರು. ಹಳದಿ, ಗಟ್ಟಿ, ಬೆಚ್ಚಗಿನ ಹಾಲು.

"ಅಯ್ಯ, ಇದು ಗಿಣ್ಣದ ಹಾಲು!" ಅಂದೆ. ಅನ್ನುತ್ತಿದ್ದಂತೆಯೇ ನನಗೆ ಹೊಳೆಯಿತು: ನಮ್ಮ ಗಿಣ್ಣವನ್ನು ಕಸಿದುಕೊಳ್ಳಲೆಂದೇ ಈ ಮನುಷ್ಯ ಪುಣೆಯಿಂದ ಬಂದಿದ್ದಾನೆ!

ಆಯಿ ಎದ್ದು ನಿಂತಳು. "ಮೊದಲನೇ ಹಾಲು ಮರೀಗೆ ಜಡ ಆಗತದ. ಹೊಟ್ಟಿ ಕಟ್ಟತದ. ನಮ್ಮತ್ತಿ ಹೇಳ್ಯಾಳ, ಅಕಿ ಅತ್ತಿ ಅಕಿಗಿ ಹೇಳ್ಯಾಳ."

ಡಾಕ್ಟರು ಅವಳನ್ನು "ಆಜೀ" ಅಂತ ಕರೆದರು. ಮರಾಠಿಯಲ್ಲಿ ಅದೇ ಅಜ್ಜಿ. ಕೂಗಾಡಲಿಲ್ಲ, ನಗಲಿಲ್ಲ. "ಆಜೀ, ರೋಗ ತಡೆಯುವ ಬಲ ಮರಿಗೆ ಈ ಹಾಲಿನಿಂದಲೇ ಬರುತ್ತದೆ. ಹೋದ ವರ್ಷ ಸತ್ತ ಮರಿಗಳು ಇದನ್ನು ಕುಡಿದಿದ್ದವೋ ಇಲ್ಲವೋ, ನೆನಪು ಮಾಡಿಕೊಳ್ಳಿ," ಅಂದರು. ಆಯಿ ಕೂತಳು. ಅವಳ ಕಣ್ಣು ಬೇಲಿಯಾಚೆ ಹೋಗಿತ್ತು.

ಮೂರನೆಯ ದಿನ ಗಂಡಸರೂ ಬಂದರು. ಕುರಿಯ ಹಲ್ಲು ನೋಡಿ ವಯಸ್ಸು ಹೇಳುವುದು, ಮುದಿ ಕುರಿ ಮಾರಿ ಚಲೋ ಪ್ರಾಯದವನ್ನು ಉಳಿಸಿಕೊಳ್ಳುವುದು, ಗಬ್ಬದ ಕುರಿಗೆ ಈಯುವ ಮುಂಚಿನ ಒಂದೂವರೆ ತಿಂಗಳು ಜಾಲಿಕಾಯಿ, ನೆನೆಸಿದ ಹುರುಳಿ ಕೊಡುವುದು, ಇದೆಲ್ಲ ಅವತ್ತಿನ ಪಾಠ. ಡಾಕ್ಟರು ಒಂದೊಂದೇ ಕುರಿಯ ತುಟಿ ಎತ್ತಿ "ಇದು ಇರಲಿ, ಇದು ಮಾರಿ" ಅನ್ನುತ್ತಿದ್ದರು. ಓಣಿಯಲ್ಲೇ ಹಿರಿಯಳಾದ ಗಂಗವ್ವಮ್ಮ ಕೋಲೂರಿಕೊಂಡು ಮುಂದೆ ಬಂದು, ಬೊಚ್ಚುಬಾಯಿ ತೆರೆದಳು.

"ಸಾಹೇಬ್ರ, ನಂದೂ ಒಂದೀಟ ನೋಡ್ರಿ. ಇಟಗೋಬೇಕೋ, ಮಾರಬೇಕೋ?"

ನಾನು ನಗುತ್ತ ನಗುತ್ತಲೇ ಅದನ್ನು ಮರಾಠಿಗೆ ತಿರುಗಿಸಿದೆ. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ತಮಗೆ ಬರುತ್ತಿದ್ದ ನಾಲ್ಕು ಕನ್ನಡ ಶಬ್ದಗಳಲ್ಲಿ ಒಂದನ್ನು ಹುಡುಕಿ ತೆಗೆದು "ಇಟಗೋರಿ, ಇಟಗೋರಿ!" ಅಂದರು. ಅವತ್ತಿನಿಂದ ಅವರು ನಮ್ಮೂರಿನವರಾದರು.

ಅಪ್ಪ ಒಬ್ಬನೇ ಮುಖ ಊದಿಸಿಕೊಂಡಿದ್ದ. ಅವನ ಐದು ಟಗರುಗಳನ್ನು ನೋಡಿ ಡಾಕ್ಟರು, ಇಷ್ಟು ಕುರಿಗೆ ಒಳ್ಳೆಯದೊಂದು ಟಗರು ಸಾಕು, ಉಳಿದ ನಾಲ್ಕು ನಿನ್ನ ಗಬ್ಬದ ಕುರಿಗಳ ಮೇವು ತಿನ್ನುತ್ತಿವೆ ಅಂದಿದ್ದರು. "ನನ್ನ ಟಗರಿನ ಸುದ್ದಿ ಅವರಿಗ್ಯಾಕ?" ಅಂತ ಅಪ್ಪ ಅವ್ವನ ಮುಂದೆ ಗೊಣಗುತ್ತಿದ್ದ.

ನಾಲ್ಕನೆಯ ದಿನ ಹೊತ್ತು ನೆತ್ತಿಗೆ ಬಂದಿತ್ತು. ಎಲ್ಲರೂ ರೊಟ್ಟಿಯ ಗಂಟು ಬಿಚ್ಚುವಾಗ ಮೊದಲ ಸಲ ಗಬ್ಬಾಗಿದ್ದ ಒಂದು ಸಣ್ಣ ಕರಿ ಕುರಿ ಮುಕ್ಕರಿಯತೊಡಗಿತು. ಬಹಳ ಹೊತ್ತಾದರೂ ಒಂದು ಗೊರಸು ಮತ್ತು ಮೂಗಿನ ತುದಿ ಬಿಟ್ಟು ಏನೂ ಕಾಣಲಿಲ್ಲ. ಮರಿಯ ಇನ್ನೊಂದು ಮುಂಗಾಲು ಒಳಗೇ ಹಿಂದಕ್ಕೆ ಮಡಚಿಕೊಂಡಿತ್ತು. ಡಾಕ್ಟರು ಅಂಗಿಯ ತೋಳು ಮೇಲೇರಿಸಿ ಕೂತರು, ಆದರೆ ಅವರ ಅಗಲ ಕೈ ಒಳಗೆ ಹೋಗಲಿಲ್ಲ. ಆಯಿಯ ಬೆರಳ ಗಂಟುಗಳು ಆ ಚಳಿಗೆ ಊದಿದ್ದವು. ಅವಳು ಸುತ್ತ ನೋಡಿ, ನನ್ನ ಮುಂಗೈ ಹಿಡಿದು ಎಳೆದಳು.

"ಇಕಿ ಕೈ ಸಣ್ಣದ."

"ಯವ್ವಾ, ಕೂಸು ಅದು, ಹೆದರತದ!" ಅಂದ ಅಪ್ಪ.

"ಹೆದರಿದರ ಹೆದರಲಿ. ಕುರಿ ಸಾಯಾಕತ್ತೇದ."

ಡಾಕ್ಟರು ನನ್ನ ಕೈಯನ್ನು ಮೊಣಕೈವರೆಗೂ ಸಾಬೂನು ಹಚ್ಚಿ ಎರಡು ಸಲ ತೊಳೆದರು. ಆಯಿ ಕುಸುಬಿ ಎಣ್ಣೆ ಸವರಿದಳು. ಕೈ ಒಳಗೆ ಹೋದಾಗ ಮೊದಲು ತಿಳಿದದ್ದು ಬಿಸಿ. ಅಷ್ಟು ಬಿಸಿ ಇರುತ್ತದೆಂದು ನಾನು ಎಣಿಸಿರಲಿಲ್ಲ. ಕಣ್ಣು ಮುಚ್ಚಿಕೊಂಡೆ. ಬಲಗಿವಿಯಲ್ಲಿ ಡಾಕ್ಟರ ಮರಾಠಿ, ಎಡಗಿವಿಯಲ್ಲಿ ಆಯಿಯ ಕನ್ನಡ.

"ಮುಕ್ಕರಿಯೂದು ನಿಂತಾಗ ತಲಿ ಒಂದೀಟ ಹಿಂದ ನೂಕು. ಈಗ ಮೊಣಕಾಲ ಸಿಕ್ಕಿತೇನು?"

"ಸಿಕ್ಕಿತ, ಆಯೀ."

"ಹಂಗ ಕೆಳಗ ಜಾರು. ಗೊರಸು ಮುಟ್ಟೀದಿ? ಅದನ್ನ ಮುಷ್ಟಿ ಒಳಗ ಮುಚ್ಚಿ ಹಿಡಿ, ಒಳಗ ಹರೀಬಾರದು. ಈಗ ತಾ ಮುಂದ, ಸಾವಕಾಶ."

ಡಾಕ್ಟರು ಹೇಳುತ್ತಿದ್ದುದೂ ಅಕ್ಷರಕ್ಕೆ ಅಕ್ಷರ ಅದನ್ನೇ. ಇಬ್ಬರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ. ನನಗೊಬ್ಬಳಿಗೆ ಗೊತ್ತಿತ್ತು. ಅದು ಗೊತ್ತಾದಕೂಡಲೇ ನನ್ನ ಹೆದರಿಕೆ ಹೋಯಿತು.

ಕಾಲು ನೆಟ್ಟಗಾಯಿತು. ಮುಂದಿನ ಮುಕ್ಕರಿಕೆಗೆ ಮರಿ ಜಾರಿ ನನ್ನ ತೊಡೆಯ ಮೇಲೆಯೇ ಬಿತ್ತು. ಕಪ್ಪಗೆ, ಒದ್ದೆಯಾಗಿ, ಅಲ್ಲಾಡದೆ. ಡಾಕ್ಟರು ಅದರ ಬಾಯಿ ಮೂಗಿನ ಲೋಳೆ ತೆಗೆದರು. ಆಯಿ ಒಣ ಜೋಳದ ಕಣಕಿಯ ಕಡ್ಡಿ ಮುರಿದು ಮೂಗಿನ ಹೊಳ್ಳೆಯಲ್ಲಿ ಆಡಿಸಿದಳು.

ಮರಿ ಸೀನಿತು.

ಅಂಥ ಕೇಕೆಯನ್ನು ನಾನು ಮತ್ತೆ ಕೇಳಿಲ್ಲ. ಮಾಸ್ತರರು ಬೇಲಿಯ ಮುಳ್ಳು ಮರೆತು ಒರಗಿ ಅಂಗಿ ಹರಿದುಕೊಂಡರು. ಅಪ್ಪ ನನ್ನನ್ನು ಲೋಳೆ ರಕ್ತದ ಸಮೇತ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಡಾಕ್ಟರು ಮರಿಯ ಹೊಕ್ಕುಳಿಗೆ ಕಂದು ಬಣ್ಣದ ಔಷಧ ಹಚ್ಚಿದರು. ಆಮೇಲೆ ಎಲ್ಲರೂ ಆಯಿಯ ಕಡೆ ನೋಡಿದರು. ಅವಳ ಕೈಯಲ್ಲಿ ಗಿಣ್ಣದ ಹಾಲು ಹಿಂಡಿಕೊಳ್ಳುವ ತಂಬಿಗೆ ಇತ್ತು. ಆಯಿ ತಂಬಿಗೆಯನ್ನು ನೆಲಕ್ಕಿಟ್ಟು, ಮರಿಯನ್ನು ಎತ್ತಿ, ತಾಯಿಯ ಮೊಲೆಗೆ ಹಚ್ಚಿದಳು.

"ಕುಡಿಲಿ. ಹೊಟ್ಟಿ ತುಂಬ ಕುಡಿಲಿ," ಅಂದಳು.

ಕೊನೆಯ ದಿನ ಡಾಕ್ಟರು ಆಯಿಯ ಮುಂದೆ ನೆಲದಲ್ಲಿ ಕೂತು ಪುಸ್ತಕ ತೆರೆದರು. ತಬ್ಬಲಿ ಮರಿಯನ್ನು ಬೇರೆ ಕುರಿಗೆ ಹೇಗೆ ಕೂಡಿಸುತ್ತೀರಿ ಅಂತ ಕೇಳಿದರು. ಸತ್ತ ಮರಿಯ ತೊಗಲನ್ನು ತಬ್ಬಲಿಗೆ ಅಂಗಿಯಂತೆ ತೊಡಿಸಿ, ತಾಯಿಗೆ ಮೂಸಲು ಬಿಡುವ ಬಗೆಯನ್ನು ಅವಳು ಹೇಳಿದಳು, ನಾನು ತಿರುಗಿಸಿದೆ, ಅವರು ಬರೆದುಕೊಂಡರು. ಓದು ಬಾರದ ಆಯಿ ಬಗ್ಗಿ ನೋಡಿ, "ಎಲ್ಲಾ ಬರದೀರಿಲ್ಲ? ಬಿಟ್ಟಿಲ್ಲಲ್ಲ?" ಅಂತ ಎರಡು ಸಲ ಕೇಳಿದಳು.

ಆ ಚಳಿಗಾಲದಲ್ಲಿ ನಮ್ಮ ದಡ್ಡಿಯಲ್ಲಿ ಸತ್ತದ್ದು ಒಂದೇ ಮರಿ. ಕರಿ ಕುರಿಯ ಮರಿಗೆ ನಾವು "ಸಾಹೇಬ" ಅಂತ ಹೆಸರಿಟ್ಟೆವು. ತಿಂಗಳ ಮೇಲೆ ಡಾಕ್ಟರು ಮತ್ತೆ ಬಂದಾಗ ನನ್ನ ತಮ್ಮ ಅವರೆದುರಿಗೇ "ಆಯೀ, ಸಾಹೇಬ ಹಾಸಿಗ್ಯಾಗ ಉಚ್ಚಿ ಹೊಯ್ದಾನ!" ಅಂತ ಒದರಿದ. ಅದನ್ನೊಂದು ನಾನು ಮರಾಠಿಗೆ ತಿರುಗಿಸಲಿಲ್ಲ. ಅಪ್ಪನೂ ಅಷ್ಟು ಹೊತ್ತಿಗೆ ನಾಲ್ಕು ಟಗರು ಮಾರಿದ್ದ. ಯಾರಾದರೂ ಕೇಳಿದರೆ ತನ್ನದೇ ವಿಚಾರ ಅನ್ನುವಂತೆ, "ಚಲೋದೊಂದು ಇದ್ದರ ಸಾಕರಿ," ಅನ್ನುತ್ತಿದ್ದ.

ಈಗ ತಿಕೋಂಡಿಗೆ ಹೋದರೆ ದಡ್ಡಿಯ ಜಾಗದಲ್ಲಿ ದಾಳಿಂಬೆ ಗಿಡಗಳಿವೆ. ತಮ್ಮನ ಮಕ್ಕಳು ಚೆನ್ನಾಗಿದ್ದಾರೆ, ಮನೆ ದೊಡ್ಡದಾಗಿದೆ, ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ಹೊತ್ತು ಮುಳುಗುವ ಒಂದು ಗಳಿಗೆ ಇದೆಯಲ್ಲ, ಅದನ್ನು ಮಾತ್ರ ನನ್ನಿಂದ ಸುಮ್ಮನೆ ದಾಟಲಾಗುವುದಿಲ್ಲ. ಆಗೆಲ್ಲ ಆ ಹೊತ್ತಿಗೆ ಅಡವಿಯಿಂದ ತಾಯಿಕುರಿಗಳು ಧೂಳೆಬ್ಬಿಸಿಕೊಂಡು ಬರುತ್ತಿದ್ದವು. ಆಯಿ ಕೂಡಿಹಾಕಿದ ಮರಿಗಳನ್ನು ಬಿಡುತ್ತಿದ್ದಳು. ನಲವತ್ತು ತಾಯಂದಿರು, ನಲವತ್ತು ಮಕ್ಕಳು, ಒಂದೇ ಸಲ ಕೂಗುತ್ತ ಒಬ್ಬರನ್ನೊಬ್ಬರು ಹುಡುಕುತ್ತಿದ್ದರು. ನಾವು ನಡುವೆ ನಿಂತು ಯಾವುದರ ಮರಿ ಯಾವುದೆಂದು ಕೂಗಿ ಹೇಳುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಎಲ್ಲ ಕೂಗೂ ನಿಂತು, ಹಾಲು ಹೀರುವ ಚಪ್ಪರಿಕೆಯೊಂದೇ ಕೇಳುತ್ತಿತ್ತು.

ಹೋದ ಚಳಿಗಾಲ ಅದೇ ಹೊತ್ತಿಗೆ ಗಿಡಗಳ ನಡುವೆ ಹೋಗಿ ನಿಂತಿದ್ದೆ. ಹನಿ ನೀರಾವರಿಯ ಕೊಳವೆಗಳು ಸದ್ದಿಲ್ಲದೆ ತಮ್ಮ ಕೆಲಸ ಮಾಡುತ್ತಿದ್ದವು. ಈಗ ನನ್ನನ್ನೇ ಆಯಿ ಅನ್ನುವ ತಮ್ಮನ ಮೊಮ್ಮಗಳು ಬಂದು, "ಆಯೀ, ಇಲ್ಲಿ ಒಬ್ಬಾಕಿನ ನಿಂತು ಏನ ಕೇಳಾಕತ್ತೀದಿ?" ಅಂತ ಕೇಳಿದಳು. "ಮರಿಗಳ ಕೂಗು," ಅಂದೆ. ಕುರಿಮರಿಯೊಂದನ್ನು ಅವಳು ಇನ್ನೂ ಮುಟ್ಟಿ ಕೂಡ ನೋಡಿಲ್ಲ.