ಅಕ್ಕ ನಿಲ್ಲಬೇಕಿಲ್ಲದ ದಾರಿ

ನನ್ನ ಅಕ್ಕನಿಗೆ ನಡೆಯಲು ಆಗುವುದಿಲ್ಲ, ಸೈಕಲ್ ತುಳಿಯಲು ಆಗುತ್ತದೆ. ಹೀಗೆಂದರೆ ಶಂಕರಪುರಂನಲ್ಲಿ ಯಾರೂ ನಂಬುವುದಿಲ್ಲ. ನಮ್ಮ ಬೀದಿಯವರು ಅವಳನ್ನು ನೋಡುವುದು ಗೇಟಿನ ಬಳಿ, ನನ್ನ ತೋಳು ಹಿಡಿದು, ಎರಡೂ ಪಾದ ನೆಲಕ್ಕೆ ಅಂಟಿದಂತೆ ನಿಂತಿರುವಾಗ. ಮುಂದಕ್ಕೆ ಬಾಗುತ್ತಾಳೆ, ಮನಸ್ಸು ಆಗಲೇ ಹೊರಟುಬಿಟ್ಟಿರುತ್ತದೆ, ಕಾಲು ಮಾತ್ರ ಏಳುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಆ ಎರಡನ್ನೂ ಒಂದೇ ಮೈಗೆ ಕಟ್ಟಿದ ಹಾಗೆ. ಕಾಯಿಲೆಯ ಹೆಸರು ಪಾರ್ಕಿನ್ಸನ್.

ಅದು ಕಾಯಿಲೆ ಎಂದು ಗೊತ್ತಾಗಲು ನಮಗೆ ವರ್ಷದ ಮೇಲೆ ಹಿಡಿಯಿತು. ನಮ್ಮದು ಪೇಟೆಯಲ್ಲಿ ತಲೆತಲಾಂತರದಿಂದ ಗ್ರಂದಿಗೆ ಅಂಗಡಿ ಇಟ್ಟ ಮನೆ. ಅರಿಸಿನ, ಕುಂಕುಮ, ವಿಭೂತಿ, ಕರ್ಪೂರ ಮಾರಿ ಬದುಕಿದವರು. ಬೆಳಗ್ಗೆ ಲಿಂಗಪೂಜೆಯಾಗದೆ ಯಾರೂ ಕಾಫಿ ಮುಟ್ಟುತ್ತಿರಲಿಲ್ಲ. ಅಕ್ಕ ಮದುವೆಯಾಗಲಿಲ್ಲ, ಬ್ಯಾಂಕಿನಲ್ಲಿ ದುಡಿದಳು, ನಮ್ಮ ಜೊತೆಯಲ್ಲೇ ಉಳಿದಳು. ನಿವೃತ್ತಿಯಾದ ಹೊಸದರಲ್ಲಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತಾಗ ಅವಳ ಕೈ ಸಣ್ಣಗೆ ನಡುಗತೊಡಗಿತು. ಬೇರೆ ಮನೆಯವರಾಗಿದ್ದರೆ ಡಾಕ್ಟರ ಹತ್ತಿರ ಓಡುತ್ತಿದ್ದರು. ನಮ್ಮಮ್ಮ, ಆಗಿನ್ನೂ ಇದ್ದರು, ಅದನ್ನು ನೋಡಿ ಕಣ್ಣೊರೆಸಿಕೊಂಡರು. ಮಗಳಿಗೆ ಶಿವ ಒಲಿದಿದ್ದಾನೆ ಎಂದರು. ಸೋದರತ್ತೆಯರು ಬಂದು ಆ ಕೈಗೆ ಹಣೆ ಮುಟ್ಟಿಸಿ ಹೋದರು. ಇಂಥದ್ದಕ್ಕೆಲ್ಲ ನಗುವವಳು ಅಕ್ಕ. ಅಮ್ಮನ ಮುಖ ನೋಡಿ ಸುಮ್ಮನಾದಳು. ಕೊನೆಗೊಂದು ದಿನ ಪೂಜೆ ಮುಗಿದ ಮೇಲೆ ಏಳಲಾಗದೆ ಕೂತಲ್ಲೇ ಕೂತಳು. ಆಮೇಲೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಆ ಕೈ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಹೆಸರು ಹೇಳಿಬಿಟ್ಟರು. ಅತ್ತೆಯರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಆದರೆ ಮೊದಲೇ ಗೊತ್ತಾಗಿದ್ದರೂ ಇದು ವಾಸಿಯಾಗುವ ಕಾಯಿಲೆಯಲ್ಲವಂತೆ, ಆ ಸಿಟ್ಟನ್ನೂ ನೆಟ್ಟಗೆ ಪಡುವ ಹಾಗಿಲ್ಲ.

ಸೈಕಲ್ ವಿಷಯ ತಿಳಿದದ್ದು ಹೀಗೆ. ಲಾಕ್‌ಡೌನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಹಿಡಿದಾಗ ನನಗೆ ಸೈಕಲ್ ಹುಚ್ಚು ಹಿಡಿದಿತ್ತು. ನನಗೊಂದು ದಪ್ಪ ಟಯರಿನದು ಕೊಂಡು, ಹೆಂಡತಿಗೂ ನಡುವೆ ಅಡ್ಡ ಬಾರ್ ಇಲ್ಲದ ಲೇಡೀಸ್ ಸೈಕಲ್ ಕೊಡಿಸಿದ್ದೆ. ಅವಳು ಅದರ ಮೇಲೆ ಒಗೆದ ಬಟ್ಟೆ ಹರವುತ್ತಿದ್ದಳು. ಒಂದು ಭಾನುವಾರ ಗೇಟಿನ ಹತ್ತಿರ ಅಕ್ಕನ ಕಾಲು ಕಟ್ಟಿತು. ಪಕ್ಕದಲ್ಲೇ ಆ ಸೈಕಲ್. ನನ್ನನ್ನು ಇದರ ಮೇಲೆ ಕೂರಿಸು ಎಂದಳು. ತಮಾಷೆ ಎಂದುಕೊಂಡು ಕೂರಿಸಿದೆ. ನೂಕು ಎಂದಳು. ನೂಕಿದೆ. ಹೊರಟೇಹೋದಳು. ಅಂಗಳ ದಾಟಲು ನಾಲ್ಕು ಸಲ ನಿಲ್ಲುವವಳು, ಬೆನ್ನು ನೆಟ್ಟಗೆ ಮಾಡಿಕೊಂಡು ಬೀದಿಯುದ್ದಕ್ಕೂ ತುಳಿದುಕೊಂಡು ಹೋದಳು. ನಾನು ಪಂಚೆ ಎತ್ತಿ ಹಿಂದೆ ಓಡಿದೆ. ದೊಡ್ಡ ರಸ್ತೆ ಬಂತು, ಅಡ್ಡ ಆಟೋ ಬಂತು, ಬ್ರೇಕು ಹಿಡಿದಳು. ಆದರೆ ಇಳಿಸಬೇಕಾದ ಕಾಲು ಇಳಿಯಲಿಲ್ಲ, ನಿಂತಿದ್ದ ಕಾರೊಂದಕ್ಕೆ ಒರಗಿ ಬಿದ್ದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು, ಅವಳು ನಗುತ್ತಿದ್ದಳು. ಈ ಕಾಯಿಲೆ ಮುಖವನ್ನೂ ಬಿಗಿದುಬಿಡುತ್ತದೆ. ಅವಳ ನಗು ನೋಡಿ ನನಗೆ ತಿಂಗಳುಗಳೇ ಆಗಿದ್ದವು.

ಕೆಲವರಿಗೆ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದರು. ನಡೆಯಲು ಒಲ್ಲದ ಕಾಲು ಪೆಡಲ್ ತುಳಿಯಲು ಒಪ್ಪುತ್ತದಂತೆ. ಹೋಗುವುದು ಕಷ್ಟವಲ್ಲ, ನಿಲ್ಲುವುದು, ಇಳಿಯುವುದು ಕಷ್ಟ. ನಿಲ್ಲಬೇಕಾಗಿ ಬರುವ ಕಡೆ ಬಿಡಬೇಡಿ ಎಂದರು. ಬೆಂಗಳೂರಿನಲ್ಲಿ ಇದು ಹೇಳುವಂಥ ಮಾತೇ? ಇಲ್ಲಿ ಹೋಗುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಬಸವನಗುಡಿಯ ಯಾವ ಬೀದಿಗೆ ಹೋದರೂ ಸಿಗ್ನಲ್, ಹಸು, ಅಗೆದ ಗುಂಡಿ, ತಪ್ಪಿದರೆ ಮೊಬೈಲ್ ನೋಡುತ್ತ ಎದುರು ಬರುವ ಮಹಾನುಭಾವ.

ಹಾಗಾಗಿ ನಾನು ದಾರಿ ಹುಡುಕಿದೆ. ಮಳೆಗಾಲವೆಲ್ಲ, ಅಂಗಡಿಗೆ ರಜೆಯಿದ್ದ ಭಾನುವಾರಗಳಲ್ಲಿ ಇದೇ ಕೆಲಸ. ಕನಕಪುರದ ಕಡೆ, ದೊಡ್ಡ ರಸ್ತೆ ಬಿಟ್ಟು ಒಳಗೆ ಹೋದರೆ, ಎರಡು ಬೆಟ್ಟಗಳ ನಡುವೆ ಕುರುಚಲು ಕಾಡಿನಲ್ಲಿ ಒಂದು ಜಲ್ಲಿ ದಾರಿ ಸಿಕ್ಕಿತು. ಯಾವ ಕಾಲದಲ್ಲೋ ಜಲ್ಲಿ ಹಾಸಿ, ಮುಂದಕ್ಕೆ ಕೈಬಿಟ್ಟದ್ದು. ಬಸ್ಸಿಲ್ಲ, ಲಾರಿಯಿಲ್ಲ, ಬೈಕಿನವರು ಟಯರು ಹಾಳಾದೀತೆಂದು ಬೇರೆ ಕಡೆಯಿಂದ ಸುತ್ತಿ ಬರುತ್ತಿದ್ದರು. ಅಂಚಿನಲ್ಲಿ ಮಾತ್ರ ಒಂದು ಸೈಕಲ್ಲಿಗೆ ಸಾಕಾಗುವಷ್ಟು ಗಟ್ಟಿ ಮಣ್ಣಿನ ಜಾಡಿತ್ತು. ಕೊನೆಯಲ್ಲಿ ಒಂದು ಸಣ್ಣ ಹಳ್ಳಿ, ಹಳ್ಳಿಯ ಬಾಯಲ್ಲಿ ಒಬ್ಬ ಹೆಂಗಸಿನ ಟೀ ಅಂಗಡಿ. ನಡುವೆ ನಿಲ್ಲಬೇಕಾದ ಜಾಗ ಒಂದೂ ಇರಲಿಲ್ಲ.

ನಮ್ಮ ಪದ್ಧತಿ ಹೀಗಿತ್ತು. ಕಾರಿನ ಹಿಂದೆ ಎರಡೂ ಸೈಕಲ್ ಕಟ್ಟಿಕೊಂಡು ಭಾನುವಾರ ಬೆಳಗ್ಗೆ ಹೊರಡುವುದು. ದಾರಿಯ ಈ ತುದಿಯಲ್ಲಿ ಅಕ್ಕನನ್ನು ಕೂರಿಸಿ ನೂಕುವುದು. ಅವಳು ಹೊರಟ ಮೇಲೆ ನಾನು ನನ್ನ ಸೈಕಲ್ ಹತ್ತಿ, ಅವಳನ್ನು ದಾಟಿ, ಟೀ ಅಂಗಡಿಯ ಮುಂದೆ ಇಳಿದು, ಬಿಚ್ಚಿದ ಕರುವನ್ನು ಹಿಡಿಯುವವನಂತೆ ಕೈ ಚಾಚಿ ನಿಲ್ಲುವುದು. ಅವಳು ಬ್ರೇಕು ಹಿಡಿಯುತ್ತಾಳೆ, ನಾನು ಹ್ಯಾಂಡಲ್ಲೂ ಸೊಂಟವೂ ಹಿಡಿಯುತ್ತೇನೆ. ಟೀ ಕುಡಿದು ಕಾರಿನವರೆಗೆ ವಾಪಸು ಬರುವುದೂ ಹೀಗೆಯೇ. ನಾನು ಏದುಸಿರು ಬಿಡುತ್ತ ತಡವಾದರೆ ಟೀ ಅಂಗಡಿಯವಳೇ ಸೆರಗು ಸಿಕ್ಕಿಸಿಕೊಂಡು ಬಂದು ಹಿಡಿಯುತ್ತಿದ್ದಳು. ನನಗಿಂತ ಅವಳ ಹಿಡಿತವೇ ವಾಸಿ ಎಂದು ಅಕ್ಕ ಹಂಗಿಸುತ್ತಿದ್ದಳು.

ಆ ದಾರಿಯಲ್ಲಿ ಅವಳು ಬೇರೆಯೇ ಮನುಷ್ಯಳು. ಮನೆಯಲ್ಲಿ ಕಿವಿಗೊಟ್ಟು ಕೇಳಬೇಕಾದ ಧ್ವನಿ ಅಲ್ಲಿ ಬೆಟ್ಟಕ್ಕೆ ಬಡಿಯುವಂತಾಗುತ್ತಿತ್ತು. ಮುತ್ತುಗ ಹೂ ಬಿಟ್ಟದ್ದು, ನವಿಲು ಅಡ್ಡ ಓಡಿದ್ದು, ನನ್ನ ಹೊಟ್ಟೆ ಬಂದದ್ದು, ಎಲ್ಲಕ್ಕೂ ಅವಳದೊಂದು ಮಾತು. ನಾನು ದಾಟಿ ಮುಂದೆ ಹೋಗುವಾಗಲೆಲ್ಲ ಬೈಯುತ್ತಿದ್ದಳು. ವಾರದ ಆರು ದಿನ ಮಾತ್ರೆ ನುಂಗಿ, ಗೋಡೆ ಹಿಡಿದು, ಬಚ್ಚಲಿಗೆ ಹೋಗಲು ನನ್ನ ಹೆಂಡತಿಯನ್ನು ಕೂಗಿ, ಏಳನೆಯ ದಿನ ಹೀಗೆ ಹೋಗುತ್ತಿದ್ದಳು. ಆ ಏಳನೆಯ ದಿನಕ್ಕೆ ಏನೂ ಆಗದಿರಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತಿದ್ದೇನೆ, ಯಾವ ದೇವರಿಗೆ ಅಂತ ಕೇಳಬೇಡಿ.

ಎರಡನೆಯ ಬೇಸಿಗೆಯಲ್ಲಿ ಟೀ ಅಂಗಡಿಯವಳು ನಮ್ಮಿಬ್ಬರ ಕೈಗೂ ಬೆಲ್ಲದ ಚೂರು ಕೊಟ್ಟಳು. ಮುಖ ಅರಳಿತ್ತು.

"ರೋಡ್ಗೆ ಡಾಂಬ್ರು ಹಾಕ್ತವ್ರೆ ಕಣವ್ವ. ಇನ್ನು ನಿಮ್ಗೂ ಸಲೀಸು."

ನನ್ನ ಬಾಯಿಯ ಬೆಲ್ಲ ಹಾಗೇ ನಿಂತಿತು. ಡಾಂಬರು ಬಂದರೆ ಬೈಕು ಬರುತ್ತದೆ, ಟೆಂಪೊ ಬರುತ್ತದೆ, ಭಾನುವಾರ ಬೆಂಗಳೂರಿನ ಕಾರುಗಳು ಬರುತ್ತವೆ. ತಡೆಯಬೇಕು, ಯಾರಿಗಾದರೂ ಹೇಳಬೇಕು ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ಏನೆಂದು ಹೇಳಲಿ? ಹಿಂದಿನ ವರ್ಷ ಆ ಹೆಂಗಸಿನ ಸೊಸೆಯನ್ನು ಹೆರಿಗೆಗೆಂದು ಟ್ರ್ಯಾಕ್ಟರಿನಲ್ಲಿ ಇದೇ ಜಲ್ಲಿಯ ಮೇಲೆ ಕುಲುಕಿಸಿಕೊಂಡು ಸಾಗಿಸಿದ್ದರು. ಮಗು ಉಳಿದಿರಲಿಲ್ಲ. ಅಕ್ಕ ಅದನ್ನು ಮರೆತಿರಲಿಲ್ಲ. ಆ ಹೆಂಗಸಿನ ಕೈ ಹಿಡಿದು, ತುಂಬ ಒಳ್ಳೇದಾಯ್ತಮ್ಮ ಎಂದಳು, ಬಾಯಿಮಾತಿಗಲ್ಲ. ಕಾರಿನಲ್ಲಿ ನಾನು ಸರ್ಕಾರವನ್ನು, ಕಂಟ್ರಾಕ್ಟರನ್ನು, ಬೇಸಿಗೆಯನ್ನು ಬೈದುಕೊಂಡು ಬಂದೆ. ಕೈಲಾಗದವನು ಮೈ ಪರಚಿಕೊಂಡ ಅನ್ನುವುದು ನನ್ನಂಥವನನ್ನು ನೋಡಿಯೇ ಇರಬೇಕು.

ಮತ್ತೆ ಹೋದಾಗ ಹಳ್ಳಿಯ ಕಡೆಯಿಂದ ಅರ್ಧ ದಾರಿ ಕಪ್ಪಗಾಗಿತ್ತು. ಜಲ್ಲಿ ಇರುವವರೆಗೆ ಮಾತ್ರ ಹೋಗೋಣ ಎಂದು ಒಪ್ಪಂದ. ಜಲ್ಲಿ ಮುಗಿಯುವಲ್ಲಿ ನಾನು ಇಳಿದು ಕೈ ಚಾಚಿ ನಿಂತೆ. ಅಕ್ಕ ಬಂದಳು, ನನ್ನನ್ನು ನೋಡಿದಳು, ಬ್ರೇಕಿಗೆ ಕೈ ಹಾಕಲಿಲ್ಲ. ಪಕ್ಕದಿಂದಲೇ ದಾಟಿ ಡಾಂಬರಿನ ಮೇಲೆ ಹೊರಟುಹೋದಳು. ನಾನು ಕೂಗುತ್ತ ಓಡಿದೆ. ಏರು ರಸ್ತೆ, ಮೇಲುಗಡೆಯಿಂದ ಒಂದು ಟೆಂಪೊ ಹಾರನ್ ಹೊಡೆಯುತ್ತ ಇಳಿದು ಬರುತ್ತಿರುವುದು ಕಾಣುತ್ತಿತ್ತು. ಅಷ್ಟು ದೂರದಿಂದ ನಾನು ಮಾಡಬಹುದಾದದ್ದು ನೋಡುವುದೊಂದೇ.

ಅವಳು ಬ್ರೇಕು ಹಿಡಿದಳು. ಅದೇನು ಪುಣ್ಯವೋ, ಆ ಸಲ ಒಂದು ಕಾಲು ಊರಿತು, ಬೀಳಲಿಲ್ಲ. ಆದರೆ ಊರಿದ ಕಾಲು ಅಲ್ಲೇ ಕಚ್ಚಿಕೊಂಡಿತು. ರಸ್ತೆಯ ನಟ್ಟನಡುವೆ ಸೈಕಲ್ಲಿನ ಎರಡೂ ಕಡೆ ಒಂದೊಂದು ಕಾಲಾಗಿ ನಿಂತಳು, ಮುಂದಿಲ್ಲ, ಹಿಂದಿಲ್ಲ. ಟೆಂಪೊ ಅವಳ ಮುಂದೆಯೇ ಕಿರ್ರೆಂದು ನಿಂತು ಹಾರನ್ ಬಾರಿಸಿತು, ಮತ್ತೆ ಬಾರಿಸಿತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಡ್ರೈವರ್ ಇಳಿದು ಬಂದಿದ್ದ. ಸಿಟ್ಟಿನಿಂದ ಇಳಿದವನು ಅವಳ ನಡುಗುವ ಕೈ ಕಂಡು ತಣ್ಣಗಾಗಿ, ಹ್ಯಾಂಡಲ್ ಹಿಡಿದುಕೊಂಡು ನಿಂತಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನಡಿಯಕ್ಕೇ ಆಗ್ದೋರನ್ನ ಸೈಕಲ್ ಮೇಲೆ ಯಾಕ್ ಸಾರ್ ಕೂರಿಸ್ತೀರಾ?"

ನಾನು ಅಕ್ಕನ ಸೊಂಟ ಹಿಡಿದುಕೊಂಡೆ. ಅಕ್ಕನೇ ಹೇಳಿದಳು.

"ನಡಿಯಕ್ಕೆ ಆಗಲ್ಲ ಅಂತಲೇ ಕಣಪ್ಪ."

ಅವನು ಟೆಂಪೊ ಹಿಂದಕ್ಕೆ ತೆಗೆದು ಅಂಚಿಗೆ ಹಚ್ಚಿ ನಮಗೆ ದಾರಿ ಬಿಟ್ಟ. ಅವನ ಹಿಂದೆ ಇನ್ನೊಂದು ಬೈಕು ಕಾಯುತ್ತಿತ್ತು. ಮತ್ತೆ ನೂಕಿ ಕಳಿಸುವ ಧೈರ್ಯ ನನಗಿರಲಿಲ್ಲ. ಸೈಕಲ್ಲುಗಳನ್ನು ಅಲ್ಲೇ ಬಿಟ್ಟು, ಅಕ್ಕನನ್ನು ಇಳಿಸಿ, ಕಂಕುಳಿಗೆ ಕೈ ಕೊಟ್ಟು, ಅಂಗುಲ ಅಂಗುಲವಾಗಿ ಕಾರಿನವರೆಗೆ ಕರೆತಂದೆ. ಬರುವಾಗ ತುಳಿದುಕೊಂಡು ಬಂದ ದಾರಿ ಮುಗಿಯುವುದೇ ಇಲ್ಲ ಅನ್ನಿಸಿತು.

ಆಮೇಲೆ ಬೇರೆ ದಾರಿ ಹುಡುಕದೆ ಬಿಟ್ಟೆನೆಂದಲ್ಲ. ಒಂದು ಕಡೆ ಅರಣ್ಯದವರ ಗೇಟು, ಆನೆ ಇದೆ, ಬಿಡುವುದಿಲ್ಲ ಎಂದರು, ಸರಿಯಾಗೇ ಹೇಳಿದರು. ಒಂದು ಕಡೆ ಕಲ್ಲು ಕ್ವಾರಿಯ ಲಾರಿಗಳು. ಇನ್ನೊಂದು ಕಡೆ ದಾರಿ ಚೆನ್ನಾಗಿತ್ತು, ಆದರೆ ಇಳಿಜಾರು ಕಡಿದಾಗಿತ್ತು, ಅವಳ ಬ್ರೇಕಿನ ಕೈಗೆ ಅಷ್ಟು ಬಲ ಉಳಿದಿರಲಿಲ್ಲ. ಡಾಕ್ಟರು ಮನೆಯಲ್ಲೇ ತುಳಿಯುವ, ಚಕ್ರವಿಲ್ಲದ ಸೈಕಲ್ ತನ್ನಿ ಎಂದರು. ಕಾಲಿಗೆ ಅದೇ ವ್ಯಾಯಾಮವಂತೆ. ತಂದು ಹಜಾರದ ಕಿಟಕಿಯ ಬಳಿ ಇಟ್ಟೆವು. ಬೆಳಗ್ಗೆ ನಾನೋ ನನ್ನ ಹೆಂಡತಿಯೋ ಹತ್ತಿಸುತ್ತೇವೆ, ಸಾಕೆಂದಾಗ ಇಳಿಸುತ್ತೇವೆ.

ಕಳೆದ ವಾರ ನನ್ನ ಹೆಂಡತಿ ಅಕ್ಕನನ್ನು ಹತ್ತಿಸಿ, ಕೆಲಸದ ಹೆಂಗಸು ಈಗ ಬರುತ್ತಾಳೆ, ಅವಳು ಇಳಿಸುತ್ತಾಳೆ ಎಂದು ಯಾವುದೋ ಕೆಲಸಕ್ಕೆ ಹೊರಗೆ ಹೋದಳಂತೆ. ಆ ಕೆಲಸದವಳು ಅಂದು ಬರಲೇ ಇಲ್ಲ. ನಾನು ಅಂಗಡಿಯಿಂದ ಊಟಕ್ಕೆ ಬಂದು ಬಾಗಿಲು ತೆಗೆದಾಗ ಪೆಡಲಿನ ಸದ್ದು ಕೇಳಿಸಿತು. ಅಕ್ಕ ಇನ್ನೂ ತುಳಿಯುತ್ತಿದ್ದಳು. ಕುಪ್ಪಸ ಬೆನ್ನಿಗೆ ಅಂಟಿತ್ತು, ತುಟಿ ಒಣಗಿ ಬಿರಿದಿತ್ತು, ಕಣ್ಣು ಕಿಟಕಿಯಾಚೆ ನೆಟ್ಟಿತ್ತು. ಯಾಕಕ್ಕ, ಫೋನ್ ಮಾಡಬಾರದಿತ್ತಾ ಎಂದೆ. ಫೋನು ಮೇಜಿನ ಮೇಲಿತ್ತು, ಅವಳ ಕೈಗೆ ಎಟುಕದಷ್ಟು ದೂರದಲ್ಲಿ.

"ನಿಲ್ಲಿಸಿದ್ರೆ ಕಾಲು ಕಟ್ಟುತ್ತಲ್ಲೋ. ಇಳಿಯಕ್ಕಂತೂ ಆಗಲ್ಲ. ಅದಕ್ಕೇ ತುಳೀತಾನೇ ಇದ್ದೆ."

ನನಗೆ ಅಳು ಬಂತು. ಅದನ್ನು ನುಂಗಲು, ಹಾಗಾದರೆ ಇವತ್ತು ಎಲ್ಲೀವರೆಗೆ ಹೋಗಿದ್ದೆ, ಟೀ ಅಂಗಡಿ ಸಿಕ್ತಾ ಎಂದು ತಮಾಷೆಗೆ ಕೇಳಿದೆ.

"ಎಲ್ಲಿಗೂ ಇಲ್ಲ ಕಣೋ," ಎಂದಳು. "ಮೊದ್ಲು ಇಳಿಸು."