ಲೆಸಿಯೆಲಿ ತುಂಬಿದ ಇಪ್ಪತ್ತು ಖಾಲಿ ಜಾಗ

ಪಿಸಿಲಾ, ಹಂದಿಯ ವಿಷಯ ಬರೆದಿದ್ದರೆ ಹೊಡೆದುಹಾಕು. ಅದು ಬಾಯಿಗೆ ಬಂತು, ಹೇಳಿದೆ, ಅಷ್ಟೆ. ಈಗ ನಿನ್ನ ಅತ್ತೆ ಲೆಸಿಯೆಲಿಯ ವಿಷಯ ಬರೆ. ಅಕ್ಷರ ದುಂಡಗಿರಲಿ, ಓದುವವರು ಪಟ್ಟಣದ ಪರೀಕ್ಷೆ ಕಚೇರಿಯವರು.

ಹದಿನಾರು ವರ್ಷದಿಂದ ನನ್ನ ಮಗಳು ನಮ್ಮ ದ್ವೀಪದ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಾಳೆ. ಹೆಸರಿಗೆ ಕಸ ಗುಡಿಸುವವಳು. ಹೆರಿಗೆಯ ನೋವು ಬಂದವರು ಕೂಗುವುದು ಮಾತ್ರ ಅವಳ ಹೆಸರನ್ನೇ. ನಿನ್ನ ತಲೆಯನ್ನು ಮೊದಲು ಮುಟ್ಟಿದ್ದೂ ಅವಳ ಕೈಯೇ. ಎಷ್ಟು ಕೂದಲಿತ್ತು ನಿನಗೆ! ಇರಲಿ. ನರ್ಸ್ ಆಗಬೇಕೆಂಬುದು ಅವಳ ಒಂದೇ ಆಸೆ. ಎರಡು ಸಲ ಪರೀಕ್ಷೆ ಬರೆದಳು, ಎರಡು ಸಲವೂ ಇಂಗ್ಲಿಷಿನಲ್ಲಿ ಮುಗ್ಗರಿಸಿದಳು. ನಲವತ್ತು ತುಂಬಿದ ಮೇಲೆ ಅವಕಾಶವಿಲ್ಲ. ಹಾಗಾಗಿ ಈ ವರ್ಷದ್ದೇ ಕೊನೆಯದು.

ಆ ಪರೀಕ್ಷೆಯಲ್ಲಿ ವಾಕ್ಯದ ನಡುವೆ ಒಂದು ಖಾಲಿ ಗೆರೆ, ಪಕ್ಕದಲ್ಲೊಂದು ಕ್ರಿಯಾಪದ. ಆದದ್ದೋ, ಆಗುತ್ತಿರುವುದೋ, ಆಗಬೇಕಾದದ್ದೋ ನೋಡಿ ಸರಿಯಾದ ರೂಪ ತುಂಬಬೇಕು. ನಮ್ಮ ಟೋಂಗಾ ಮಾತಿನಲ್ಲಿ ಈ ಗೋಳಿಲ್ಲ. ಮುಂದೆ ಒಂದು ಪುಟ್ಟ ಪದ ಇಟ್ಟರೆ ನಿನ್ನೆಯದು, ಇನ್ನೊಂದು ಇಟ್ಟರೆ ನಾಳೆಯದು. ಕ್ರಿಯಾಪದ ಮಾತ್ರ ಕಾವಾ ಬೇರಿನ ರಸ ಕುಡಿಯಲು ಕೂತ ಮುದುಕನ ಹಾಗೆ ಅಲ್ಲಾಡುವುದಿಲ್ಲ. ಇಂಗ್ಲಿಷಿನದೋ, ಹೊತ್ತಿಗೊಂದು ಬಟ್ಟೆ ಬದಲಿಸುತ್ತದೆ.

ಇದನ್ನು ಹೇಳಿಕೊಡಬಲ್ಲವನು ಇಲ್ಲಿ ಒಬ್ಬನೇ, ಶಾಲೆಯ ಮೇಷ್ಟ್ರು. ಆ ಮೇಷ್ಟ್ರು ಅವಳ ಅಣ್ಣ, ನಿನ್ನ ಅಪ್ಪ ಕಲೇಪಿ. ನಮ್ಮಲ್ಲಿ ಬೆಳೆದ ಅಣ್ಣ ತಂಗಿ ಒಂದೇ ಸೂರಿನಡಿ ಕೂರುವಂತಿಲ್ಲವಲ್ಲ! ಅವನಿಗೆ ಹತ್ತು ತುಂಬಿದ ದಿನ ನಾನೇ ಅವನ ಚಾಪೆ ಸುತ್ತಿ ಹುಡುಗರ ಗುಡಿಸಲಿಗೆ ಕಳಿಸಿದ್ದೆ. ತುಂಬಾ ಅತ್ತ. ಅಂದಿನಿಂದ ಅವಳಿರುವ ಕೋಣೆಗೆ ಅವನು ಕಾಲಿಟ್ಟಿಲ್ಲ. ಅದು ಜಗಳವಲ್ಲ, ಗೌರವ.

ಹಾಗಾಗಿ ಐದು ತಿಂಗಳು ಸಂಜೆ ಸಂಜೆ ಅವನು ಹೊರಗೆ ನೀರಿನ ತೊಟ್ಟಿಯ ಕಟ್ಟೆಯ ಮೇಲೆ, ಅವಳು ಒಳಗೆ, ನಡುವೆ ಓಡಾಡಲು ನಾನು.

“ಅಮ್ಮಾ, ಅವಳಿಗೆ ಹೇಳು, ಮೊದ್ಲು ವಾಕ್ಯದಲ್ಲಿ ಹೊತ್ತು ಹೇಳೋ ಪದ ಹುಡುಕ್ಬೇಕು. ನಿನ್ನೆ ಅಂತಿದ್ಯಾ, ದಿನಾ ಅಂತಿದ್ಯಾ, ನೋಡ್ಲಿ.”

ತೆಂಗಿನ ಗರಿಯ ಗೋಡೆ, ಎಲ್ಲವೂ ಅವಳ ಕಿವಿಗೆ ಬಿದ್ದಿರುತ್ತದೆ. ಆದರೂ ನಾನು ಎದ್ದು ಹೋಗಿ ಹೇಳಬೇಕು.

“ಅವನಿಗೆ ಕೇಳಮ್ಮ, ಈ ಹೆಂಗ್ಸು ಮೀನು ತಿಂದದ್ದು ನಿನ್ನೆಯಾದ್ರೇನು, ಮೊನ್ನೆಯಾದ್ರೇನು? ಮೀನಂತೂ ಮುಗೀತಲ್ಲ!”

ಹೊರಗೆ ಒಂದು ಕೆಮ್ಮು. ನಗು ನುಂಗಿದ ಕೆಮ್ಮು. “ಮೀನು ಮುಗೀತು, ಪರೀಕ್ಷೆ ಮುಗ್ದಿಲ್ಲ ಅಂತ ಹೇಳಮ್ಮ ಅವಳಿಗೆ.”

ಪಕ್ಕದ ಮನೆಯ ಫುಸಿ ಬೇಲಿಯ ಮೇಲಿಂದ ಇಣುಕಿ, “ಏನ್ ಮುದುಕಿ, ನೀನೇ ಪರೀಕ್ಷೆಗೆ ಕೂತ್ಬಿಡು! ನಡ್ದು ನಡ್ದು ಇಂಗ್ಲಿಷೆಲ್ಲ ನಿನ್ನ ಮೊಣಕಾಲಿಗೆ ಇಳಿದಿರ್ಬೇಕು” ಅನ್ನುತ್ತಿದ್ದಳು. ಅವಳ ಬಾಯಿ ಹಾಗೆ, ಮನಸ್ಸು ಒಳ್ಳೆಯದು. ಅವಳು ಮಾಡುವ ಲೂ ತಿಂದಿದ್ದೀಯಲ್ಲ? ಕೆಸುವಿನೆಲೆಗೆ ತೆಂಗಿನ ಹಾಲು ಸುರಿಯುವುದರಲ್ಲಿ ಕೈ ಬಿಗಿ ಮಾಡುವವಳಲ್ಲ.

ಪರೀಕ್ಷೆಯ ದಿನ ಬಂತು. ಚರ್ಚಿನ ಪಕ್ಕದ ಸಭಾಮಂದಿರದಲ್ಲಿ. ಪ್ರಶ್ನೆಪತ್ರಿಕೆಗಳು ಮೊದಲೇ ಬಂದಿದ್ದವು. ಕಡಲು ಕೆರಳಿತ್ತು, ಕಾವಲಿಗೆ ಬರಬೇಕಾದವರು ಬರಲಿಲ್ಲ. ಊರಿನ ಮೇಷ್ಟ್ರೇ ಕಾವಲಿರಲಿ, ಗಂಟೆ ಹೊಡೆಯುವ ತನಕ ಹೊರಗೆ ಕಾಲಿಡಬಾರದು ಎಂದು ಫೋನಿನಲ್ಲಿ ಅಪ್ಪಣೆ ಬಂತು. ಬೇರೆಯವರನ್ನು ಕೂರಿಸಬಹುದೇ ಎಂದು ಕೇಳೋಣವೆಂದರೆ ಆಮೇಲೆ ಫೋನೇ ಸಿಗಲಿಲ್ಲ.

ಲೆಸಿಯೆಲಿ ಗೌರವಕ್ಕೆ ಉಡುವ ಒಳ್ಳೆಯ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಪೆನ್ಸಿಲ್ ಹಿಡಿದು ಬಾಗಿಲಿಗೆ ಬಂದಳು. ಒಳಗೆ ಅಣ್ಣನನ್ನು ನೋಡಿದಳು. ನಿಂತುಬಿಟ್ಟಳು. ಅವನು ತಲೆ ತಗ್ಗಿಸಿದ. ಉಳಿದ ಎಂಟು ಜನ ಬರೆಯತೊಡಗಿದ್ದರು.

“ಹೋಗೇ ಹುಡುಗಿ!” ಫುಸಿ ತಿವಿದಳು. “ಪಟ್ಟಣದಲ್ಲಿ ಅಣ್ಣ ತಂಗಿ ಒಂದೇ ಬಸ್ಸಲ್ಲಿ ಹೋಗ್ತಾರೆ. ಯಾರ್ ತಲೆ ಮೇಲೂ ಆಕಾಶ ಬಿದ್ದಿಲ್ಲ.”

ಲೆಸಿಯೆಲಿ ನನ್ನನ್ನು ನೋಡಿದಳು. “ಅಮ್ಮಾ?”

ಅಷ್ಟೇ ಕೇಳಿದ್ದು. ಹೋಗು ಅಂದಿದ್ದರೆ ಹೋಗುತ್ತಿದ್ದಳು. ಆ ಹುಡುಗನ ಚಾಪೆ ಸುತ್ತಿದ ಕೈ ನನ್ನದು, ಪಿಸಿಲಾ. ಈಗ ಯಾವ ಬಾಯಿಂದ ಹೇಳಲಿ? ಬೀಸಣಿಗೆ ಬೀಸುತ್ತಾ ನಿಂತೆ. ಬಿಸಿಲೂ ಇರಲಿಲ್ಲ, ಸೆಕೆಯೂ ಇರಲಿಲ್ಲ, ಸುಮ್ಮನೆ ಬೀಸಿದೆ.

ಆಗ ಕಲೇಪಿ ಒಂದು ಪ್ರಶ್ನೆಪತ್ರಿಕೆಯನ್ನು ಕಿಟಕಿಯ ಅಂಚಿನ ಮೇಲಿಟ್ಟು ಬೆನ್ನು ತಿರುಗಿಸಿದ. ನಾನು ತೆಗೆದುಕೊಂಡು ಹೋಗಿ ಅವಳಿಗೆ ಕೊಟ್ಟೆ. ಹಲಸಿನಂಥ ಕಾಯಿ ಬಿಡುತ್ತದಲ್ಲ, ಆ ದೀವಿಹಲಸಿನ ಮರದಡಿ ಕೂತು ಬರೆದಳು. ಗಂಟೆ ಹೊಡೆದಾಗ ನಾನೇ ಕಿಟಕಿಯಲ್ಲಿ ವಾಪಸು ಕೊಟ್ಟೆ. ಅವನು ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟು ಓದಿದ.

“ಅಮ್ಮಾ, ಅವಳಿಗೆ ಹೇಳು…” ಇನ್ನೊಮ್ಮೆ ಮೊದಲಿನಿಂದ ಎಣಿಸಿದ. “ಇಪ್ಪತ್ತಕ್ಕೆ ಇಪ್ಪತ್ತೂ ಸರಿ.”

ಮುಚ್ಚಿಡಬಹುದಿತ್ತು. ಅವನು ಮುಚ್ಚಿಡಲಿಲ್ಲ, ಹೊರಗೆ ಬರೆದದ್ದು ಎಂದು ಮೇಲೆ ಬರೆದು ಕಳಿಸಿದ. ಎಂಟು ದಿನಕ್ಕೆ ಪಟ್ಟಣದಿಂದ ಪರೀಕ್ಷೆಯ ಅಧಿಕಾರಿಯ ಫೋನ್ ಬಂತು, ನಾನೇ ಹಿಡಿದೆ.

“ನನಗೂ ಅಕ್ಕ ಇದ್ದಾಳೆ ಅಜ್ಜಿ, ನಂಗೆ ಅರ್ಥ ಆಗುತ್ತೆ. ಆದ್ರೆ ಒಳಗೆ ಕೂತು ಬರೆದದ್ದನ್ನ ಮಾತ್ರ ತಗೋಬೇಕು. ನಾನೇನ್ ಮಾಡ್ಲಿ?”

“ನೀನೇನು ಮಾಡ್ತೀಯಪ್ಪ,” ಅಂದೆ.

ಕಾಗದದ ಮೇಲೆ ಕೆಂಪು ಗೆರೆ ಎಳೆದು ದೋಣಿಯಲ್ಲಿ ವಾಪಸು ಕಳಿಸಿದರು. ಹೋದ ಭಾನುವಾರ ಲೆಸಿಯೆಲಿಗೆ ನಲವತ್ತು ತುಂಬಿತು. ಆಸ್ಪತ್ರೆಗೆ ಹೊಸ ನರ್ಸ್ ಬಂದಿದ್ದಾಳೆ, ಎಳೆಯ ಹುಡುಗಿ. ಮಗುವಿನ ಕುತ್ತಿಗೆಗೆ ಕೈ ಹೇಗೆ ಕೊಡಬೇಕೆಂದು ಲೆಸಿಯೆಲಿಯೇ ಅವಳಿಗೆ ಹೇಳಿಕೊಡುತ್ತಾಳೆ, ಆಮೇಲೆ ನೆಲ ಒರೆಸುತ್ತಾಳೆ. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಕಲೇಪಿ ಈಗಲೂ ಸಂಜೆ ಬಂದು ತೊಟ್ಟಿಯ ಕಟ್ಟೆಯ ಮೇಲೆ ಕೂರುತ್ತಾನೆ. ಒಳಗಿಂದ ಯಾರೂ ಏನೂ ಕೇಳುವುದಿಲ್ಲ.

ಬರೆದೆಯಾ? ನಾಳೆ ನೀನು ದೋಣಿ ಹತ್ತುತ್ತೀಯಲ್ಲ, ಇದನ್ನೂ ಆ ಕೆಂಪು ಗೆರೆಯ ಕಾಗದವನ್ನೂ ನೀರು ತಾಗದ ಹಾಗೆ ಸುತ್ತಿಕೋ. ಏನೂ ಆಗುವುದಿಲ್ಲ ಎಂದು ನನಗೂ ಗೊತ್ತು. ಬಾಗಿಲಲ್ಲಿ ಬಾಯಿ ಬಿಡದೆ ನಿಂತವಳು ಈ ಮುದುಕಿ, ತಪ್ಪು ಅವಳದು ಎಂದು ಹೇಳು. ಕಚೇರಿಯ ಮೇಜಿನ ಮೇಲೆ ಇಟ್ಟು ಬರಬೇಡ. ಅಕ್ಕ ಇದ್ದಾಳೆ ಅಂದನಲ್ಲ, ಅವನ ಕೈಗೇ ಕೊಡು.