ತಪ್ಪು ಕಾಲಿನದಲ್ಲ

ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ದಿನದಿಂದಲೂ ನನ್ನ ಭಾವ, ಅಂದರೆ ಗಂಡನ ಅಣ್ಣ, ನನ್ನೊಡನೆ ನೇರವಾಗಿ ಮಾತಾಡಿದವರಲ್ಲ. ಹೇಳಬೇಕಾದ್ದನ್ನೆಲ್ಲ ನಾನು ಎದುರಿಗಿರುವಾಗಲೇ ತಮ್ಮನಿಗೆ ಹೇಳುತ್ತಿದ್ದರು. ಅದು ಮರ್ಯಾದೆ ಎಂದು ಮನೆಯವರು ತಿಳಿದಿದ್ದರು. ನನಗೆ ಒಮ್ಮೆಯೂ ಹಾಗನ್ನಿಸಲಿಲ್ಲ.

ನಮ್ಮದು ಪವರ್‌ಲೂಮ್ ಮನೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಸೀರೆ ಗಂಟುಗಳನ್ನು ಬೆಂಗಳೂರಿನ ಅಂಗಡಿಗಳಿಗೆ ಸಾಗಿಸಲು ಒಂದು ಹಳೆಯ ಕಾರು ಕೊಂಡರು. ಹಳೆಯದಾದರೂ ಹೊಸ ಕಾಲದ್ದು, ಇಂಜಿನ್ನಿಗೆ ಪೆಟ್ರೋಲ್ ಅಳೆದು ಕೊಡಲು ಕಾರ್ಬುರೇಟರ್ ಬದಲು ಕಂಪ್ಯೂಟರ್ ಇತ್ತು. ನನ್ನ ಗಂಡನಿಗೆ ಡ್ರೈವಿಂಗ್ ಒಗ್ಗಲಿಲ್ಲ. ಎದುರಿಗೆ ಲಾರಿ ಬಂದರೆ ಕಾರನ್ನು ರಸ್ತೆಯಿಂದ ಕೆಳಗಿಳಿಸಿಬಿಡುತ್ತಿದ್ದರು. ನಾನು ಕಲಿತೆ. ಭಾವನಿಗೆ ಅದನ್ನು ಸಹಿಸಲಾಗಲಿಲ್ಲ. ಅಲ್ಲಿಯವರೆಗೆ ಮನೆಯಲ್ಲಿ ಗಾಡಿ ಓಡಿಸಲು ಬರುತ್ತಿದ್ದುದು ಅವರೊಬ್ಬರಿಗೇ.

ಕೆಲವು ತಿಂಗಳಿಗೆ ಕಾರು ಜಗ್ಗತೊಡಗಿತು. ಒಂದೇ ಹದದಲ್ಲಿ ಹೋಗುತ್ತಿರುವಾಗ ಯಾರೋ ಹಿಂದಿನಿಂದ ಎಳೆದಂತಾಗಿ, ಮತ್ತೆ ಮುಂದಕ್ಕೆ ಹಾರುತ್ತಿತ್ತು. ವಿಚಿತ್ರವೆಂದರೆ ಭಾವ ಓಡಿಸಿದಾಗ ಹೀಗಾಗುತ್ತಿರಲಿಲ್ಲ.

ಒಂದು ದಿನ ದೊಡ್ಡಬೆಳವಂಗಲದಲ್ಲಿ ನೆಂಟರ ಮದುವೆಗೆ ಹೊರಟಿದ್ದೆವು. ನಾನು ಓಡಿಸುತ್ತಿದ್ದೆ. ದಾರಿಯಲ್ಲಿ ಕಾರು ಜಗ್ಗಿ ಜಗ್ಗಿ ಆಫ್ ಆಯಿತು. ಹಿಂದಿದ್ದ ಬಸ್ಸು ಗಕ್ಕನೆ ನಿಂತಿತು, ಡ್ರೈವರ್ ತಲೆ ಹೊರಹಾಕಿ ಬೈದ. ಹಿಂದಿನ ಸೀಟಿನಲ್ಲಿದ್ದ ಭಾವ ಬೈದದ್ದು ಅವನನ್ನಲ್ಲ, ನನ್ನನ್ನು. ತಮ್ಮನ ಕಡೆ ತಿರುಗಿ, "ನಿನ್ ಹೆಂಡ್ತಿ ಕಾಲಿಗೆ ಹದ ಇಲ್ಲ ಕಣೋ. ಇಳಿಯಕ್ಕೆ ಹೇಳು," ಎಂದರು.

ರೇಷ್ಮೆ ಸೀರೆಯುಟ್ಟು, ಬಸ್ಸಿನ ಜನರೆಲ್ಲ ನೋಡುತ್ತಿರುವಾಗ ಇಳಿದು ಹಿಂದೆ ಕೂತೆ. ಭಾವ ಆಕ್ಸಿಲರೇಟರ್ ತುಳಿದರು. ಕಾರು ತೊಂದರೆಯಿಲ್ಲದೆ ಓಡಿತು. ಮದುವೆಮನೆಯಲ್ಲಿ ಅವರು ಈ ಕಥೆಯನ್ನು ಊಟದ ಸಾಲಿನುದ್ದಕ್ಕೂ ಹೇಳಿದರು. ನನ್ನ ಗಂಡನೂ ನಕ್ಕರು. ಆ ನಗು ನನ್ನನ್ನು ಬಸ್ಸಿನವನ ಬೈಗುಳಕ್ಕಿಂತ ಹೆಚ್ಚು ಉರಿಸಿತು.

ವಾಪಸ್ಸು ಬರುವಾಗ ಹಿಂದಿನ ಸೀಟಿನಿಂದ ಭಾವನ ಕಾಲನ್ನೇ ನೋಡುತ್ತಾ ಕೂತೆ. ಅವರು ಒಂದೋ ಪೂರ್ತಿ ತುಳಿಯುತ್ತಿದ್ದರು, ಇಲ್ಲವೋ ಪೂರ್ತಿ ಬಿಡುತ್ತಿದ್ದರು. ನಡುವೆ ಎಲ್ಲೂ ಕಾಲು ನಿಲ್ಲುತ್ತಿರಲಿಲ್ಲ. ನನ್ನ ಕಾಲು ನಿಲ್ಲುತ್ತಿದ್ದುದು ಅಲ್ಲೇ, ಮೆಲ್ಲಗೆ ಒತ್ತಿದ ಜಾಗದಲ್ಲಿ. ಕಾರು ಜಗ್ಗುತ್ತಿದ್ದುದೂ ಅಲ್ಲೇ.

ಇದನ್ನು ಗಂಡನಿಗೆ ಹೇಳಿದರೆ, ಅಣ್ಣನಿಗಿಂತ ನಿನಗೆ ಜಾಸ್ತಿ ಗೊತ್ತಾ ಎಂದರು. ಗೊತ್ತು ಎಂದೆ. ಗ್ಯಾರೇಜಿಗೆ ಹೋಗುವವರೆಗೂ ಸೀರೆ ಗಂಟು ಸಾಗಿಸುವುದಿಲ್ಲ ಎಂದು ಹಟ ಹಿಡಿದೆ. ಕೊನೆಗೆ ಯಲಹಂಕದ ಒಂದು ಗ್ಯಾರೇಜಿಗೆ ಹೊರಟೆವು. ಭಾವನೂ ಬಂದರು. ತಪ್ಪು ನನ್ನದೇ ಎಂದು ಮೆಕ್ಯಾನಿಕ್ ಬಾಯಲ್ಲಿ ಕೇಳಿಸಿಕೊಳ್ಳುವ ಆಸೆ ಅವರಿಗೆ.

ಮೆಕ್ಯಾನಿಕ್ ನನ್ನ ಮಾತಿಗೆ ಕಿವಿಗೊಡಲಿಲ್ಲ. ಭಾವನನ್ನು ಕೇಳಿ ಪ್ಲಗ್ಗು ನೋಡಿದ, ಫಿಲ್ಟರ್ ನೋಡಿದ. ಏನೂ ಸಿಗಲಿಲ್ಲ. ಆಮೇಲೆ ಇಂಜಿನ್ ಪಕ್ಕದಲ್ಲಿದ್ದ ಒಂದು ಕಪ್ಪು ಸೆನ್ಸರ್ ತೋರಿಸಿ, ಆಕ್ಸಿಲರೇಟರ್ ಎಷ್ಟು ಒತ್ತಿದ್ದೇವೆಂದು ಕಾರಿನ ಕಂಪ್ಯೂಟರಿಗೆ ಹೇಳುವುದು ಇದೇ ಎಂದ. ಅದರ ವೈರಿಗೆ ಕರೆಂಟ್ ಅಳೆಯುವ ಮುಳ್ಳಿನ ಮೀಟರ್ ಹಿಡಿದು, ಡ್ರೈವರ್ ಸೀಟಿನಲ್ಲಿ ಕೂತ ಭಾವನಿಗೆ ಆಕ್ಸಿಲರೇಟರ್ ಒತ್ತಿ ಎಂದ. ಕಾಲು ಇಳಿದ ಹಾಗೆ ಮುಳ್ಳು ಮೇಲೇರಬೇಕು. ಭಾವ ಎಂದಿನಂತೆ ಒಂದೇ ಸಲ ತುಳಿದರು. ಮುಳ್ಳು ಸರ್ರನೆ ಏರಿತು.

"ನೋಡ್ದ್ಯಾ?" ಎಂದರು ಭಾವ, ಗಂಡನಿಗೆ.

"ಭಾವ, ಕೆಳಗಿಳೀರಿ," ಎಂದೆ.

ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವರು ತಮ್ಮನ ಮುಖ ನೋಡಿದರು. ಗಂಡ ನೆಲ ನೋಡಿದರು. ನಾನು ಬಾಗಿಲು ಹಿಡಿದು ನಿಂತೇ ಇದ್ದೆ. ಇಳಿದರು.

ಕೂತು, ಮೆಲ್ಲಗೆ ಒತ್ತಿದೆ. ಮುಳ್ಳು ಸ್ವಲ್ಪ ಏರಿತು, ತಟ್ಟನೆ ಕೆಳಗೆ ಬಿತ್ತು, ಮತ್ತೆ ಎದ್ದಿತು. ಮೆಕ್ಯಾನಿಕ್ ಇನ್ನೊಮ್ಮೆ ಎಂದ. ಅದೇ ಜಾಗದಲ್ಲಿ ಮತ್ತೆ ಬಿತ್ತು.

"ಒಳಗಡೆ ಈ ಒಂದ್ ಜಾಗ ಸವೆದೋಗಿದೆ ಸಾರ್. ಸೆನ್ಸರ್ ಬದ್ಲಾಯಿಸ್ಬೇಕು," ಎಂದ ಭಾವನಿಗೆ.

"ಅವರಿಗ್ಯಾಕೆ ಹೇಳ್ತೀರ? ಕಾರ್ ಓಡ್ಸೋಳು ನಾನು," ಎಂದೆ.

ಅವನು ಪಾರ್ಟ್ ತರಲು ಹೋದ. ಭಾವ ಸುಮ್ಮನಿರಲಿಲ್ಲ. ಅಲ್ಲೇ ಕಾಲಿಟ್ಟು ಕಾಲಿಟ್ಟು ಸವೆಸಿದವಳೂ ಇವಳೇ ಎಂದು ತಮ್ಮನಿಗೆ ಹೇಳಿದರು. ಹೇಳಿ, ಬಸ್ ಸ್ಟ್ಯಾಂಡ್ ಕಡೆ ನಡೆದುಬಿಟ್ಟರು. ಗಂಡ ಎರಡು ಹೆಜ್ಜೆ ಅವರ ಹಿಂದೆ ಹೋಗಿ, ನಿಂತು, ನನ್ನ ಕಡೆ ನೋಡಿದರು. ಕರೆಯಲಿ ಎಂದು ಕಾದಂತಿತ್ತು. ನಾನು ಕರೆಯಲಿಲ್ಲ. ಅವರೇ ಬಂದು ಪಕ್ಕದ ಸೀಟಿನಲ್ಲಿ ಕೂತರು.

ಹೊಸ ಸೆನ್ಸರ್ ಹಾಕಿದ ಮೇಲೆ ಊರು ಮುಟ್ಟುವವರೆಗೂ ಕಾರು ಒಮ್ಮೆಯೂ ಜಗ್ಗಲಿಲ್ಲ. ರಾಜಾನುಕುಂಟೆ ದಾಟಿದ ಮೇಲೆ ಗಂಡ, ಅಣ್ಣನ ಹತ್ತಿರ ಹಾಗೆ ಮಾತಾಡಬಾರದಿತ್ತು ಎಂದರು. ಮದುವೆಮನೆಯಲ್ಲಿ ನೀವು ನಗಬಾರದಿತ್ತು ಎಂದೆ.

ಭಾವ ಆಮೇಲೆ ನಾನು ಓಡಿಸುವ ಕಾರು ಹತ್ತಲಿಲ್ಲ. ಮಳೆ ಬಂದರೂ ಬಸ್ಸಿಗೆ ಕಾಯುತ್ತಿದ್ದರು. ಸ್ಟಾಪಿನಲ್ಲಿ ಅವರು ನಿಂತದ್ದು ಕಂಡರೂ ನಾನು ನಿಲ್ಲಿಸುತ್ತಿರಲಿಲ್ಲ.